ನಡೆಯಲು ಒಲ್ಲದ ನಾಲ್ವರ ಬೆಟ್ಟದ ಪ್ರವಾಸ

ಶಾಲೆಯಲ್ಲಿದ್ದ ಇಪ್ಪತ್ತೆಂಟು ವರ್ಷ ನಾನು ಹೆಚ್ಚುಕಡಿಮೆ ಪ್ರತಿ ನವೆಂಬರಿನಲ್ಲೂ ಎರಡು ಬಸ್ಸು ತುಂಬ ಮಕ್ಕಳನ್ನು ಪ್ರವಾಸಕ್ಕೆ ಕರೆದುಕೊಂಡು ಹೋಗಿದ್ದೇನೆ. ವಾಂತಿ ಮಾಡಿಕೊಳ್ಳುವವರು, ಚಪ್ಪಲಿ ಕಳೆದುಕೊಳ್ಳುವವರು, ಗೋಳಗುಮ್ಮಟದಲ್ಲಿ ಕೂಗಿ ಕೂಗಿ ಗಂಟಲು ಕಟ್ಟಿಸಿಕೊಳ್ಳುವವರು, ಎಲ್ಲರನ್ನೂ ಎಣಿಸಿ ಹತ್ತಿಸಿ ಎಣಿಸಿ ಇಳಿಸಿ, ಒಬ್ಬರೂ ತಪ್ಪದಂತೆ ಕೊಪ್ಪದ ಬಸ್‌ಸ್ಟ್ಯಾಂಡಿನಲ್ಲಿ ಅವರವರ ಅಪ್ಪ ಅಮ್ಮನಿಗೆ ಒಪ್ಪಿಸಿದ್ದೇನೆ. ಹಾಗಾಗಿ ನಿವೃತ್ತಿಯಾದ ವರ್ಷ, ಮನೆಯ ಮೂರು ಜನ ದೊಡ್ಡವರನ್ನು ಒಂದು ಬೆಟ್ಟದೂರಿಗೆ ಕರೆದುಕೊಂಡು ಹೋಗುವುದು ನನಗೆ ಒಂದು ಕೆಲಸವೇ ಅಲ್ಲ ಅಂದುಕೊಂಡಿದ್ದೆ. ಆ ಮೂವರು ಆರು ತಿಂಗಳಲ್ಲಿ ನನ್ನನ್ನು ಸುಸ್ತು ಮಾಡಿದಷ್ಟು ಆ ಮಕ್ಕಳೆಲ್ಲ ಸೇರಿ ಇಪ್ಪತ್ತೆಂಟು ವರ್ಷದಲ್ಲಿ ಮಾಡಿರಲಿಲ್ಲ.

ಶುರುವಾದದ್ದು ಶೃಂಗೇರಿಯಲ್ಲಿ, ನನ್ನ ಗಂಡನ ಅಕ್ಕನ ಮನೆಯಲ್ಲಿ. ಅಲ್ಲಿ ಅವರದೊಂದು ಎಂಟು ಕೋಣೆಯ ವಸತಿಗೃಹವಿದೆ. ಕೆಳಗೆ ಮನೆ, ಮೇಲೆ ಯಾತ್ರಿಕರ ಕೋಣೆಗಳು. ಭಾವ ತೀರಿಕೊಂಡ ಮೇಲೆ ಅತ್ತಿಗೆಯೇ ಅದನ್ನು ನಡೆಸುತ್ತಾರೆ. ನಾನು ನಿವೃತ್ತಿಯಾದ ಮರುವಾರ ಅವರು ನಮ್ಮನ್ನು ಊಟಕ್ಕೆ ಕರೆದಿದ್ದರು. ಎನ್.ಆರ್.ಪುರದಿಂದ ನನ್ನ ಅಣ್ಣನೂ ಬಂದಿದ್ದ. ಪಾಯಸದ ಹೊತ್ತಿಗೆ ಯಾವ ಗಳಿಗೆಯಲ್ಲೋ ನನ್ನ ಬಾಯಿಂದ ಆ ಮಾತು ಬಂತು.

"ಒಂದ್ಸಲ ನಾವು ನಾಲ್ಕೂ ಜನ ಎಲ್ಲಾದ್ರೂ ಬೆಟ್ಟ ನೋಡಕ್ಕೆ ಹೋಗಾಣ. ದೇವಸ್ಥಾನಕ್ಕಲ್ಲ, ಮದುವೆಗಲ್ಲ. ಸುಮ್ನೆ, ತಿರುಗಕ್ಕೆ."

ಒಬ್ಬರಾದರೂ ಬೇಡ ಅಂದಿದ್ದರೆ ನಾನು ಅಲ್ಲಿಗೇ ಬಿಡುತ್ತಿದ್ದೆ. ಮೂವರೂ ಒಪ್ಪಿಬಿಟ್ಟರು. ಒಪ್ಪಿದ ಮೇಲೆ ಒಬ್ಬೊಬ್ಬರಾಗಿ ಒಂದೊಂದು ಮಾತು ಸೇರಿಸಿದರು.

"ಗುಡ್ಡ ಹತ್ತಕ್ಕೆ ಮಾತ್ರ ನನ್ನ ಕರೀಬೇಡ," ಅಂದರು ನನ್ನ ಗಂಡ. ಅವರದು ಕೊಪ್ಪದಲ್ಲಿ ಮೋಟಾರು ರಿಪೇರಿಯ ಅಂಗಡಿ. ಬೆಳಿಗ್ಗೆ ಸ್ಟೂಲಿನ ಮೇಲೆ ಕೂತರೆ ಮಧ್ಯಾಹ್ನ ಊಟಕ್ಕೆ ಏಳುವುದು.

"ನನ್ನ ಹಿಮ್ಮಡಿ ವಿಷಯ ನಿಂಗೆ ಗೊತ್ತಲ್ಲ ಮಾರಾಯ್ತಿ," ಅಂದರು ಅತ್ತಿಗೆ.

ಅಣ್ಣ ತನ್ನ ಎರಡು ಮಂಡಿಗಳನ್ನು ಅಂಗೈಯಿಂದ ಮೆಲ್ಲಗೆ ತಟ್ಟಿಕೊಂಡ. ಅವನು ಪಶು ವೈದ್ಯ ಇಲಾಖೆಯಲ್ಲಿದ್ದವನು. ಮದುವೆಯಾಗಲಿಲ್ಲ. ಔಷಧಿಯ ಚೀಲ ಹೆಗಲಿಗೆ ಹಾಕಿಕೊಂಡು ಶೆಟ್ಟಿಕೊಪ್ಪದ ಸುತ್ತಿನ ಒಂಟಿಮನೆಗಳಿಗೆಲ್ಲ ನಡೆದೇ ಹೋಗಿ ದನಗಳಿಗೆ ಸೂಜಿ ಹಾಕಿದವನು. ಊರವರು ಈಗಲೂ ಡಾಕ್ಟ್ರೇ ಅಂತಲೇ ಕರೆಯುವುದು. ಆ ನಡಿಗೆಯಲ್ಲಿ ಮಂಡಿಗಳು ಸವೆದು ಹೋಗಿವೆ. ಇನ್ನು ನನ್ನ ವಿಷಯ ಮುಚ್ಚಿಡುವುದು ಬೇಡ: ಶಾಲೆಯ ಮಹಡಿ ಮೆಟ್ಟಿಲು ಹತ್ತಿದರೆ ಹಾಜರಿ ಕೂಗುವ ಮೊದಲು ಎರಡು ನಿಮಿಷ ಸುಧಾರಿಸಿಕೊಳ್ಳಬೇಕಾಗುತ್ತಿತ್ತು.

ನಮ್ಮ ಕಡೆಯವರೆಂದರೆ ಹೊರಗಿನವರ ಕಣ್ಣಿಗೆ ಬೆಟ್ಟ ಹತ್ತುವವರು. ಅತ್ತಿಗೆಯ ವಸತಿಗೃಹಕ್ಕೆ ಬರುವ ಹುಡುಗರು ಬೆನ್ನಿಗೆ ಚೀಲ ಕಟ್ಟಿಕೊಂಡು, "ಆಂಟಿ, ನರಸಿಂಹ ಪರ್ವತಕ್ಕೆ ಎಷ್ಟು ಹೊತ್ತು ಬೇಕು?" ಅಂತ ಕೇಳುತ್ತಾರೆ. ಅತ್ತಿಗೆ ಕಿಗ್ಗದ ದಿಕ್ಕಿಗೆ ಕೈ ತೋರಿಸಿ, "ಬೇಗ ಹೋಗಿ ಬೇಗ ಬನ್ನಿ" ಅನ್ನುತ್ತಾರೆ. ಅವರು ಒಮ್ಮೆಯೂ ಹತ್ತಿದವರಲ್ಲ. ನಮ್ಮಲ್ಲಿ ಗುಡ್ಡ ಹತ್ತುವುದು ತಪ್ಪಿಸಿಕೊಂಡ ದನ ಹುಡುಕಲಿಕ್ಕೆ, ಇಲ್ಲವಾದರೆ ಮೇಲಿಂದ ಬರುವ ನೀರಿನ ಪೈಪು ಎಲ್ಲಿ ಕಳಚಿದೆ ಅಂತ ನೋಡಲಿಕ್ಕೆ. ನೋಡುವುದಕ್ಕೇ ಅಂತ ಗುಡ್ಡಕ್ಕೆ ಹೋಗುವುದು ಏನು ಅಂತ ನಮ್ಮಲ್ಲಿ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ.

ನಾನು ಹೊಸ ನೋಟ್‌ಬುಕ್ ತೆಗೆದು ಶುರು ಮಾಡಿದೆ. ಮೊದಲು ಹಿಮಾಚಲ ಅಂದೆ. ಹಿಮ ನೋಡಬೇಕೆಂಬ ಆಸೆ ನನಗೆ ಬಹಳ ದಿನದ್ದು. "ಅಲ್ಲಿ ಬಟ್ಟೆ ಒಣಗ್ತದಾ?" ಅಂತ ಕೇಳಿದರು ಅತ್ತಿಗೆ. ಅಷ್ಟು ಎತ್ತರದಲ್ಲಿ ಉಸಿರು ಕಟ್ಟುವುದರ ಬಗ್ಗೆ ಅಣ್ಣ ನಾಲ್ಕು ನಿಮಿಷದ ಧ್ವನಿಸಂದೇಶ ಕಳಿಸಿದ. ಹಿಮಾಚಲ ಹೋಯಿತು. ಮುನ್ನಾರ್ ಅಂದೆ. ಅಣ್ಣ ಯೂಟ್ಯೂಬಿನಲ್ಲಿ ಅಲ್ಲಿಯ ರಸ್ತೆ ಕುಸಿದ ವಿಡಿಯೋಗಳನ್ನೆಲ್ಲ ಹುಡುಕಿ ಒಂದಾದ ಮೇಲೊಂದು ಹಾಕಿದ. ಕೊಡಗು ಅಂದೆ. ನನ್ನ ಗಂಡ ಮೊದಲ ಸಲ ಬಾಯಿ ಬಿಟ್ಟರು. "ಅಲ್ಲೂ ಕಾಫಿ ಗಿಡ, ಇಲ್ಲೂ ಕಾಫಿ ಗಿಡ. ಅಷ್ಟು ದೂರ ಹೋಗಿ ಅದೇ ನೋಡದಾದ್ರೆ ಬಾಳೆಹೊನ್ನೂರಿಗೆ ಹೋಗಿ ಬಂದ್ರೂ ಆತಲ್ಲ."

"ಹಂಗಾದ್ರೆ ನೀವೇ ಒಂದು ಜಾಗ ಹೇಳಿ."

"ನಂಗೆಂತ ಗೊತ್ತು ಮಾರಾಯ್ತಿ? ನೀನು ಟೀಚರು."

ವಾಟ್ಸಾಪಿನಲ್ಲಿ ನಮ್ಮ ನಾಲ್ವರದೇ ಒಂದು ಗುಂಪು ಮಾಡಿದ್ದೆ, ಎಲ್ಲರೂ ಒಂದೇ ಕಡೆ ಮಾತಾಡಲಿ ಅಂತ. ನನ್ನ ಗಂಡ ಅದನ್ನು ತೆರೆದು ನೋಡಲೇ ಇಲ್ಲ. ಅತ್ತಿಗೆ ಎಲ್ಲದಕ್ಕೂ ಹೆಬ್ಬೆರಳು ಎತ್ತಿದ ಚಿತ್ರ ಹಾಕುತ್ತಿದ್ದರು. "ಎರಡು ದಿನ ಸಾಕಾ, ಮೂರು ದಿನ ಬೇಕಾ?" ಅಂತ ಕೇಳಿದರೂ ಹೆಬ್ಬೆರಳೇ. "ಯಾವುದಕ್ಕೆ ಹೆಬ್ಬೆರಳು ಅತ್ತಿಗೆ?" ಅಂತ ಕೇಳಿದರೆ ಇನ್ನೊಂದು ಹೆಬ್ಬೆರಳು.

ಶಿವಮೊಗ್ಗದ ಒಬ್ಬ ಟ್ರಾವೆಲ್ ಏಜೆಂಟನಿಗೆ ಫೋನು ಮಾಡಿದೆ. ನಡೆಯಲಿಕ್ಕಾಗದವರಿಗೆ ಯಾವ ಬೆಟ್ಟದೂರು ಒಳ್ಳೆಯದು ಅಂತ ಕೇಳಿದೆ. ಅವನು ಉತ್ಸಾಹದಿಂದ ಹತ್ತು ಜಾಗ ಹೇಳಿದ. ಪ್ರತಿಯೊಂದರ ಕೊನೆಯಲ್ಲೂ ಒಂದು ಬಾಲ ಇತ್ತು.

"ಗಾಡಿ ಪೂರ್ತಿ ಹೋಗ್ತದೆ ಮೇಡಂ. ಆಮೇಲೆ ಸ್ವಲ್ಪ ನಡೆಯೋದಿದೆ."

"ಸ್ವಲ್ಪ ಅಂದ್ರೆ?"

"ಸ್ವಲ್ಪ ಅಂದ್ರೆ ಸ್ವಲ್ಪನೇ. ಒಂದೂವರೆ ಕಿಲೋಮೀಟರು. ಚಿಕ್ ಮಕ್ಳೆಲ್ಲ ಓಡ್ಕಂಡು ಹೋಗ್ತಾರೆ."

ಮಕ್ಕಳು ಓಡಿಕೊಂಡು ಹೋಗುವುದನ್ನು ನಾನು ಬೇಕಾದಷ್ಟು ನೋಡಿದ್ದೇನೆ ಅಂತ ಹೇಳಿ ಫೋನು ಇಟ್ಟೆ. ಆ ತಿಂಗಳು ನಾನು 'ಸ್ವಲ್ಪ' ಎಂಬ ಪದವನ್ನು ಕೇಳಿದರೇ ಸಿಡುಕುವಂತಾಗಿದ್ದೆ. ಯಾವ ವೆಬ್‌ಸೈಟಿನಲ್ಲೂ ಎಷ್ಟು ಮೆಟ್ಟಿಲು ಅಂತ ಬರೆದಿರುವುದಿಲ್ಲ. ಮೋಡ, ಕಣಿವೆ, ಸೂರ್ಯೋದಯ ಎಲ್ಲದರ ವರ್ಣನೆಯೂ ಇರುತ್ತದೆ. ಕೂರಲಿಕ್ಕೆ ಒಂದು ಬೆಂಚು ಇದೆಯೋ ಇಲ್ಲವೋ ಅನ್ನುವುದು ಮಾತ್ರ ಇರುವುದಿಲ್ಲ.

ದಿನ ಗೊತ್ತು ಮಾಡುವುದು ಇನ್ನೊಂದು ಕಥೆ. ಜನವರಿಯಿಂದ ಮೇವರೆಗೆ ಎಲ್ಲರ ತೋಟದ ಪಂಪುಗಳೂ ಸುಟ್ಟು ನಮ್ಮ ಅಂಗಡಿಗೇ ಬರುತ್ತವೆ, ನನ್ನ ಗಂಡ ಅಲ್ಲಾಡುವಂತಿಲ್ಲ. ಮಳೆಗಾಲದಲ್ಲಿ ಘಾಟಿ ರಸ್ತೆಗೆ ಅಣ್ಣ ಒಪ್ಪುವುದಿಲ್ಲ. ಬೇಸಿಗೆ ರಜೆ, ನವರಾತ್ರಿ, ದೀಪಾವಳಿ ಅತ್ತಿಗೆಗೆ ಆಗುವುದಿಲ್ಲ, ಎಂಟು ಕೋಣೆಯೂ ತುಂಬಿರುತ್ತವೆ. ಡಿಸೆಂಬರ್ ಹೊತ್ತಿಗೆ ಅಯ್ಯಪ್ಪ ಮಾಲೆ ಹಾಕಿದವರ ವ್ಯಾನುಗಳು ಬರತೊಡಗುತ್ತವೆ. ಎಲ್ಲ ಹೊಡೆದುಹಾಕಿದ ಮೇಲೆ ಉಳಿದದ್ದು ನವೆಂಬರಿನ ಕೊನೆಯ ವಾರ. ನನಗೆ ಖುಷಿಯೇ ಆಯಿತು. ನವೆಂಬರ್ ಅಂದರೆ ನನ್ನ ಮಟ್ಟಿಗೆ ಪ್ರವಾಸದ ತಿಂಗಳು. ಕೊನೆಗೆ ಜಾಗವೂ ಗೊತ್ತಾಯಿತು: ಕೂನೂರು. ಅಲ್ಲಿಂದ ಊಟಿಗೆ ಪುಟ್ಟ ರೈಲು ಹೋಗುತ್ತದೆ, ಕೂತಲ್ಲೇ ಬೆಟ್ಟ ನೋಡಬಹುದು. ಮೂವರೂ ಒಪ್ಪಿದರು. ಅತ್ತಿಗೆ ಹೆಬ್ಬೆರಳು ಹಾಕಿದರು.

ಆದರೂ ನನ್ನ ಮೇಷ್ಟ್ರು ಬುದ್ಧಿ ಸುಮ್ಮನಿರಲಿಲ್ಲ. ಯಾರಿಗೆ ಎಷ್ಟು ನಡೆಯಲಿಕ್ಕಾಗುತ್ತದೆ ಅಂತ ಮೊದಲೇ ತಿಳಿದುಕೊಂಡರೆ ಒಳ್ಳೆಯದು ಅನ್ನಿಸಿ, ಮಳೆ ಸ್ವಲ್ಪ ಬಿಟ್ಟ ಒಂದು ಭಾನುವಾರ ಎಲ್ಲರನ್ನೂ ಕಾರಿನಲ್ಲಿ ಕೂರಿಸಿಕೊಂಡು ಸಿರಿಮನೆ ಜಲಪಾತಕ್ಕೆ ಹೊರಟೆ. ಶೃಂಗೇರಿಯಿಂದ ಕಿಗ್ಗ ದಾಟಿದರೆ ಸಿಗುತ್ತದೆ. ಕಾರು ಮೇಲೆ ನಿಲ್ಲಿಸಿ ಮೆಟ್ಟಿಲು ಇಳಿದು ನೀರಿನ ಬಳಿ ಹೋಗಬೇಕು. ಪರೀಕ್ಷೆಗೆ ಸರಿಯಾದ ಜಾಗ ಅಂದುಕೊಂಡೆ.

ಕಾರಿನಿಂದ ಇಳಿದು ಎಲ್ಲರೂ ಮೆಟ್ಟಿಲ ತುದಿಯಲ್ಲಿ ನಿಂತೆವು. ಅಣ್ಣ ಕಂಬಿ ಹಿಡಿದು ಒಂದು ಮೆಟ್ಟಿಲು ಇಳಿದ, ಎರಡನೆಯದಕ್ಕೆ ಕಾಲು ಹುಡುಕುತ್ತಿದ್ದ. ಅಷ್ಟರಲ್ಲಿ ಅತ್ತಿಗೆ ತಮ್ಮ ಚೀಲ, ಕೊಡೆ, ನನ್ನ ಪರ್ಸು ಎಲ್ಲ ಒಟ್ಟುಮಾಡಿ ಅವನ ಕೈಗೆ ಕೊಟ್ಟರು.

"ನಿಮಗೆ ಆಗದಲ್ಲ ಬಿಡಿ ಡಾಕ್ಟ್ರೇ. ನೀವು ಕಾರಲ್ಲೇ ಕೂತಿರಿ. ಸಾಮಾನು ನೋಡ್ಕಂಡಂಗೂ ಆತು."

ಅಣ್ಣ ಚೀಲಗಳನ್ನು ತೆಗೆದುಕೊಂಡು, ಇಳಿದಿದ್ದ ಮೆಟ್ಟಿಲನ್ನು ವಾಪಸು ಹತ್ತಿ, ಕಾರಿಗೆ ಹೋಗಿ ಕೂತ. ನನಗೆ ಆಗಲೇ ಗೊತ್ತಾಗಬೇಕಿತ್ತು. ನಾನು ಮೆಟ್ಟಿಲು ಎಣಿಸುವುದರಲ್ಲಿದ್ದೆ.

ಇಳಿಯುವಾಗ ಮೂವರೂ ಶೂರರು. ನೀರಿನ ಹನಿ ಮುಖಕ್ಕೆ ಹಾರುತ್ತಿತ್ತು, ಅತ್ತಿಗೆ ಚಿಕ್ಕ ಹುಡುಗಿಯ ಹಾಗೆ ನಕ್ಕರು. ಹತ್ತುವಾಗ ಬಣ್ಣ ಬಯಲಾಯಿತು. ಅತ್ತಿಗೆ ಐದು ಮೆಟ್ಟಿಲಿಗೊಮ್ಮೆ ನಿಂತು ಹಿಮ್ಮಡಿ ಒತ್ತಿಕೊಂಡರು. ನನ್ನ ಗಂಡ ದಣಿದದ್ದನ್ನು ಒಪ್ಪಿಕೊಳ್ಳುವವರಲ್ಲ. ಹತ್ತು ಮೆಟ್ಟಿಲಿಗೊಮ್ಮೆ ನಿಂತು, ಕಂಬಿಯ ಬೆಸುಗೆಯನ್ನು ಬಗ್ಗಿ ನೋಡಿ, "ಎಂಥಾ ವೆಲ್ಡಿಂಗ್ ಮಾಡಿದಾರೆ ನೋಡು" ಅನ್ನುತ್ತಿದ್ದರು. ಮೇಲೆ ಬರುವಷ್ಟರಲ್ಲಿ ಅವರು ಅಲ್ಲಿಯ ಬೆಸುಗೆಗಳನ್ನೆಲ್ಲ ಪರೀಕ್ಷಿಸಿ ಆಗಿತ್ತು. ನಾನು ಕೊನೆಯವಳು.

ಶೃಂಗೇರಿ ತಲುಪುವವರೆಗೂ ಅಣ್ಣ ಕಿಟಕಿಯ ಹೊರಗೇ ನೋಡುತ್ತಿದ್ದ. ಬಸ್‌ಸ್ಟ್ಯಾಂಡ್ ಹತ್ತಿರ "ಇಲ್ಲೇ ನಿಲ್ಸಿ ಭಾವ" ಅಂತ ನನ್ನ ಗಂಡನಿಗೆ ಹೇಳಿದ. ಊಟಕ್ಕೆ ಬನ್ನಿ ಅಂತ ಅತ್ತಿಗೆ ಎಷ್ಟು ಕರೆದರೂ ಬರಲಿಲ್ಲ. ಕೊಪ್ಪದ ಕಡೆಗೆ ಹೊರಟಿದ್ದ ಬಸ್ಸಿನ ಮೆಟ್ಟಿಲನ್ನು ಎರಡೂ ಕೈಯಲ್ಲಿ ಸರಳು ಹಿಡಿದು ಹತ್ತಿದ. ನಾವು ಊಟಕ್ಕೆ ಕೂರುವ ಮೊದಲೇ ನನ್ನ ಫೋನು ಸದ್ದು ಮಾಡಿತು. ಅಣ್ಣ ವಾಟ್ಸಾಪ್ ಗುಂಪಿನಿಂದ ಹೊರಗೆ ಹೋಗಿದ್ದ.

"ನಾನೆಂತ ಅಂದೆ ಈಗ?" ಅಂದರು ಅತ್ತಿಗೆ. ನಿಜಕ್ಕೂ ಅವರಿಗೆ ಗೊತ್ತಿರಲಿಲ್ಲ.

ಮೂರು ದಿನ ಅಣ್ಣ ಫೋನು ಎತ್ತಲಿಲ್ಲ. ನಾಲ್ಕನೆಯ ದಿನ ನಾನೇ ಬಸ್ಸು ಹತ್ತಿ ಎನ್.ಆರ್.ಪುರಕ್ಕೆ ಹೋದೆ. ದಾರಿಯುದ್ದಕ್ಕೂ ಯಾರ ಮೇಲೆ ಹೆಚ್ಚು ಸಿಟ್ಟಾಗಬೇಕು ಅಂತ ನನಗೇ ಬಗೆಹರಿಯಲಿಲ್ಲ. ಅವನ ಮೇಲೋ, ಅತ್ತಿಗೆಯ ಮೇಲೋ, ಪಾಯಸದ ಹೊತ್ತಿನಲ್ಲಿ ಬಾಯಿ ತೆರೆದ ನನ್ನ ಮೇಲೋ. ಅಣ್ಣ ಜಗಲಿಯಲ್ಲಿ ಕೂತು ಪಕ್ಕದ ಮನೆಯ ನಾಯಿಯ ಕಿವಿಗೆ ಔಷಧಿ ಹಾಕುತ್ತಿದ್ದ.

"ಕಾಫಿ ಕುಡಿತೀಯಾ?" ಅಂದ.

"ಕಾಫಿ ಕುಡಿಯಕ್ಕೆ ಬಂದಿಲ್ಲ. ಎಂತ ಆತು ನಿಂಗೆ?"

ಅವನು ನಾಯಿಯನ್ನು ಬಿಟ್ಟು ಕೈ ಒರೆಸಿಕೊಂಡ. "ಎಂತ ಆಗಿಲ್ಲ. ನೀವು ಮೂರು ಜನ ಹೋಗಿ ಬನ್ನಿ."

"ಹೇಳು ಅಣ್ಣ."

ಔಷಧಿ ಬಾಟಲಿಗೆ ಮುಚ್ಚಳ ಹಾಕಿದ. ಆಮೇಲೆ ಹೇಳಿದ. "ನಾನು ದನ ನೋಡಕ್ಕೆ ಹೋಗ್ಬೇಕಾರೆ ದಾರಿ ತೋರ್ಸಕ್ಕೆ ಅಂತ ಯಾರಾದ್ರೂ ಜೊತೆಗೆ ಬರೋರು. ಅವರು ಹಿಂದೆ ಉಳಿಯೋರು, ನಾನು ಮುಂದೆ. ಏರಲ್ಲಿ ನಿಂತು ಅವರಿಗೆ ಕಾಯ್ತಿದ್ದೆ. ಈಗ ಕಾರಲ್ಲಿ ಕೂತು ನಿಮ್ಮ ಕೊಡೆ ಚೀಲ ಕಾಯ್ಬೇಕಾ? ಅದಕ್ಕೆ ನಾನು ಅಲ್ಲಿವರೆಗೆ ಬರ್ಬೇಕಾ? ಆ ಮೆಟ್ಟಿಲು ನಾನು ಇಳಿತಿದ್ನೋ ಇಲ್ವೋ, ನಂಗೇ ಗೊತ್ತಿಲ್ಲ. ನೋಡಕ್ಕೆ ಬಿಡ್ಲಿಲ್ಲ ಅವರು."

ಅಷ್ಟು ವರ್ಷ ಎನ್.ಆರ್.ಪುರ, ಕೊಪ್ಪ ಅಂತ ಹತ್ತಿರದಲ್ಲೇ ಇದ್ದೂ ಅವನ ಮಂಡಿಯ ವಿಷಯವನ್ನು ನಾನು ಔಷಧಿ ಮಾತ್ರೆಗಳ ವಿಷಯವಾಗಿ ಬಿಟ್ಟರೆ ಬೇರೆ ಥರ ಯೋಚಿಸಿರಲಿಲ್ಲ. ಅಲ್ಲಿಯೇ ಕೂತು ಮಾತು ಕೊಟ್ಟೆ: ಒಬ್ಬರನ್ನು ಕಾರಿನಲ್ಲಿ ಬಿಟ್ಟು ಉಳಿದವರು ಇಳಿಯುವ ಜಾಗಕ್ಕೆ ನಾವು ಹೋಗುವುದೇ ಇಲ್ಲ. ನಾಲ್ಕೂ ಜನರಿಗೆ ಕಾಣುವುದಿದ್ದರೆ ನೋಡುವುದು, ಇಲ್ಲವಾದರೆ ಮುಂದೆ ಹೋಗುವುದು. ಅಣ್ಣ ಯೋಚಿಸಿ, "ಯಾರೂ ನನ್ನ ಕೈ ಹಿಡೀಬಾರ್ದು" ಅಂದ. ಅದಕ್ಕೂ ಒಪ್ಪಿದೆ.

ಮನೆಗೆ ಬಂದು ನೋಟ್‌ಬುಕ್ ತೆಗೆದು ಕೂನೂರಿನ ಸುತ್ತ ನೋಡಬೇಕೆಂದು ಪಟ್ಟಿ ಮಾಡಿಟ್ಟಿದ್ದ ಹದಿನಾಲ್ಕು ಜಾಗಗಳಲ್ಲಿ ಒಂಬತ್ತನ್ನು ಹೊಡೆದುಹಾಕಿದೆ. ಆಮೇಲೆ ಅತ್ತಿಗೆಗೆ ಫೋನು ಮಾಡಿ ಅಣ್ಣನಿಗೆ ಒಂದು ಮಾತು ಹೇಳಿ ಅಂದೆ. ಕ್ಷಮೆ ಕೇಳುವ ಅಭ್ಯಾಸ ಅವರಿಗಿಲ್ಲ. ಅವರು ಮಾಡಿದ್ದೇ ಬೇರೆ. ಅಣ್ಣನಿಗೆ ಫೋನು ಮಾಡಿ, "ಡಾಕ್ಟ್ರೇ, ಇವಳು ನೋಡಿರೋ ರೂಮು ಮೊದಲನೇ ಮಹಡಿಲಿ ಇದೆಯಂತೆ. ನಮಗೆ ನೆಲದ ಮೇಲೆ ಇರೋದೇ ಬೇಕು. ನೀವೇ ಒಂದು ನೋಡಿ" ಅಂದರಂತೆ. ಅಣ್ಣ ಹುರುಪಾಗಿಬಿಟ್ಟ. ಮುಂದಿನ ಹತ್ತು ದಿನ ಅವರಿಬ್ಬರೂ ಸೇರಿ ಕೂನೂರಿನ ಸಿಕ್ಕಿದ ಹೋಟೆಲುಗಳಿಗೆಲ್ಲ ಫೋನು ಮಾಡಿದರು. ಅಣ್ಣ ಮೆಟ್ಟಿಲು, ಬಚ್ಚಲ ಹಿಡಿಕೆ ವಿಚಾರಿಸುತ್ತಿದ್ದ. ಅತ್ತಿಗೆ ವಿಚಾರಿಸುತ್ತಿದ್ದದ್ದು ವೃತ್ತಿಯವರ ಪ್ರಶ್ನೆಗಳನ್ನು: ಬಿಸಿನೀರು ಎಷ್ಟರಿಂದ ಎಷ್ಟರವರೆಗೆ, ಹೊದಿಕೆ ಒಗೆಯುವುದು ಯಾವಾಗ, ಕಿಟಕಿಗೆ ಚಿಲಕ ಬೀಳುತ್ತದೋ ಇಲ್ಲವೋ. ಒಬ್ಬ ಮ್ಯಾನೇಜರು ಇವರು ತಪಾಸಣೆ ಮಾಡುವ ಇಲಾಖೆಯವರೇ ಇರಬೇಕು ಅಂದುಕೊಂಡು ಮಾಲೀಕರ ಕೈಗೆ ಫೋನು ಕೊಟ್ಟನಂತೆ. ಕೊನೆಗೆ ನಾನು ಎರಡು ತಿಂಗಳು ಹುಡುಕಿ ಗೊತ್ತುಮಾಡಿದ್ದ ಕೋಣೆಗಳನ್ನು ನನ್ನನ್ನು ಒಂದು ಮಾತು ಕೇಳದೆ ರದ್ದು ಮಾಡಿ, ಬೇರೆ ಕಡೆ ಗೊತ್ತುಮಾಡಿ, ಗುಂಪಿನಲ್ಲಿ ಹಾಕಿದರು. ಅಣ್ಣ ಗುಂಪಿಗೆ ವಾಪಸು ಬಂದಿದ್ದ. ಅತ್ತಿಗೆ ತಮ್ಮ ಸಂದೇಶಕ್ಕೆ ತಾವೇ ಹೆಬ್ಬೆರಳು ಹಾಕಿಕೊಂಡಿದ್ದರು.

"ಇಬ್ರೂ ರಾಜಿ ಆದ್ರಲ್ಲ, ಖುಷಿಪಡು" ಅಂದರು ನನ್ನ ಗಂಡ. ಖುಷಿಪಡಲು ನನಗೆ ಎರಡು ದಿನ ಬೇಕಾಯಿತು.

ಹೊರಡುವ ವಾರ ನೀಲಗಿರಿಗೆ ಗಾಡಿ ಹೋಗಲು ಇ-ಪಾಸ್ ಬೇಕು ಅಂತ ಗೊತ್ತಾಗಿ, ಕೊಪ್ಪದ ಸೈಬರ್ ಅಂಗಡಿಯಲ್ಲಿ ಅರ್ಧ ದಿನ ಕೂತೆ. ಅತ್ತಿಗೆ ಹಿಂದಿನ ದಿನವೇ ಬಂದಿಳಿದರು. ಒಂದು ಚಿಕ್ಕ ಸ್ಟೀಲ್ ಡಬರಿ ತುಂಬ ಅವಲಕ್ಕಿ, ಉಪ್ಪಿನಕಾಯಿ, ಎರಡು ಬೆಡ್‌ಶೀಟು. "ಹೋಟೆಲಿನವರ ಬೆಡ್‌ಶೀಟು ಹೆಂಗಿರ್ತದೆ ಅಂತ ನಂಗೆ ಗೊತ್ತು" ಅಂದರು. ವಸತಿಗೃಹವನ್ನು ಅಲ್ಲಿ ಬಹಳ ವರ್ಷದಿಂದ ಕೋಣೆ ಗುಡಿಸುವ ಹೆಂಗಸಿನ ಕೈಗೆ ಒಪ್ಪಿಸಿ ಬಂದಿದ್ದರು. ಮೈಸೂರು ತಲುಪುವಷ್ಟರಲ್ಲಿ ಅವಳಿಗೆ ಏಳು ಸಲ ಫೋನು ಮಾಡಿದರು. ಏಳನೆಯ ಸಲ ಅವಳು, "ಅಮ್ಮಾ, ನೀವು ಫೋನು ಮಾಡ್ತಿದ್ರೆ ನಾನು ಗುಡ್ಸದು ಯಾವಾಗ?" ಅಂದದ್ದು ನಮಗೆಲ್ಲ ಕೇಳಿಸಿತು.

ಮೈಸೂರಿನಲ್ಲಿ ಉಳಿದು ಮರುದಿನ ಬೆಳಿಗ್ಗೆ ಹೊರಟೆವು. ಗೂಡಲೂರು ದಾಟಿ ಘಾಟಿ ಏರುತ್ತಿದ್ದ ಹಾಗೆ ಗಾಜಿನ ಮೇಲೆ ಹನಿ ಬಿತ್ತು. ಊಟಿಯಲ್ಲಿ ಮಳೆ. ಕೂನೂರಿನಲ್ಲಿ ಮಳೆ ಮಾತ್ರವಲ್ಲ, ಮಂಜು. ಎದುರಿನ ಗಾಡಿಯ ಕೆಂಪು ದೀಪ ಬಿಟ್ಟರೆ ಏನೂ ಕಾಣದು. ಹೋಟೆಲಿನ ಮಾಲೀಕರು ಕೋಣೆಯ ಬೀಗ ತೆಗೆಯುತ್ತ, ಅವರ ಕಡೆಯ ಕನ್ನಡದಲ್ಲಿ, ಬಹಳ ಮರ್ಯಾದೆಯಿಂದ ಕೇಳಿದರು.

"ನವೆಂಬರಲ್ಲಿ ಬಂದಿದೀರಲ್ಲ. ಇಲ್ಲಿಗೆ ಈಗಲೇ ಮಳೆಗಾಲ. ಗೊತ್ತಿರಲಿಲ್ವಾ?"

ಮೂರು ಜೊತೆ ಕಣ್ಣುಗಳು ನನ್ನ ಕಡೆ ತಿರುಗಿದವು. ತಮಿಳುನಾಡಿಗೆ ನಮ್ಮ ಮಳೆ ಮುಗಿದ ಮೇಲೆ ಮಳೆ ಅನ್ನುವುದನ್ನು ನಾನು ಮಕ್ಕಳಿಗೆ ಪಾಠ ಮಾಡಿದ್ದೇನೆ. ನಕಾಶೆಯ ಮೇಲೆ ಬಾಣದ ಗುರುತು ಹಾಕಿ ತೋರಿಸಿದ್ದೇನೆ. ಮೆಟ್ಟಿಲು ಎಷ್ಟು, ಬೆಂಚು ಎಷ್ಟು ಅಂತ ಆರು ತಿಂಗಳು ಕೇಳಿದವಳು ಆಕಾಶದ ವಿಷಯ ಒಂದು ಸಲವೂ ಕೇಳಿರಲಿಲ್ಲ.

"ನೀನು ಟೀಚರು ಅಲ್ವಾ" ಅಂದರು ನನ್ನ ಗಂಡ. ನಾನು ಚೀಲ ಎತ್ತಿಕೊಂಡು ಕೋಣೆಯೊಳಗೆ ಹೋದೆ.

ಮರುದಿನ ಪುಟ್ಟ ರೈಲಿನಲ್ಲಿ ಹೋದೆವು. ಹೊರಗೆ ಬಿಳಿ, ಅದರೊಳಗೆ ಒಂದು ಮರ, ಮತ್ತೆ ಬಿಳಿ. ಅಣ್ಣ ಕಿಟಕಿಯ ಪಕ್ಕ ಕೂತು ಆ ಒಂದೊಂದು ಮರವನ್ನೂ ನೋಡಿದ. ಉಳಿಸಿಕೊಂಡಿದ್ದ ಐದು ಜಾಗಗಳಲ್ಲಿ ಎರಡಕ್ಕೆ ಹೋದೆವು. ಕಂಬಿಯ ತನಕ ಹೋಗಿ ನಾಲ್ವರೂ ಸಾಲಾಗಿ ನಿಂತು ಮಂಜನ್ನು ನೋಡಿ ವಾಪಸು ಬಂದೆವು. ಮಾತು ಕೊಟ್ಟ ಹಾಗೆ ಯಾರೂ ಕಾರಿನಲ್ಲಿ ಉಳಿಯಲಿಲ್ಲ, ಯಾರಿಗೂ ಏನೂ ಕಾಣಲಿಲ್ಲ.

ಮೂರನೆಯ ಜಾಗಕ್ಕೆ ಹೊರಡುವಾಗ ಅತ್ತಿಗೆ ಬರುವುದಿಲ್ಲ ಅಂದರು. ಕೋಣೆಯ ಮುಂದೆ ಒಂದು ಜಗಲಿ, ಅದರಲ್ಲಿ ಬೆತ್ತದ ಕುರ್ಚಿ. ಅವರು ಶಾಲು ಹೊದ್ದು ಅದರಲ್ಲಿ ಕೂತಿದ್ದರು. ಎದುರಿಗೆ ಹೂವಿನ ಕುಂಡಗಳವರೆಗೆ ಕಾಣುತ್ತಿತ್ತು, ಆಮೇಲೆ ಗೋಡೆ ಕಟ್ಟಿದ ಹಾಗೆ ಮಂಜು. ನನಗೆ ತಡೆಯಲಾಗಲಿಲ್ಲ.

"ಅತ್ತಿಗೆ, ಇಲ್ಲಿ ಕೂರಕ್ಕೆ ನಾನೂರು ಕಿಲೋಮೀಟರು ಬರ್ಬೇಕಿತ್ತಾ? ಕೂರದಾದ್ರೆ ಶೃಂಗೇರಿಲಿ ಕುರ್ಚಿ ಇರ್ಲಿಲ್ವಾ?"

ಅವರು ಸಿಟ್ಟಾಗಲಿಲ್ಲ. "ಅಲ್ಲಿ ಕುರ್ಚಿ ಇದೆ. ಕೂರಕ್ಕೆ ಆಗ್ಬೇಕಲ್ಲ ಮಾರಾಯ್ತಿ. ಬೆಳಿಗ್ಗೆ ಒಬ್ಬ ಬಂದು, ಅಮ್ಮಾ ಬಿಸಿನೀರು ಸಾಕಾ, ಇನ್ನೊಂದು ಬಕೆಟ್ ತರ್ಲಾ ಅಂದ. ಎಷ್ಟು ವರ್ಷ ನಾನು ಬೇರೆಯವರಿಗೆ ಕೇಳಿದೀನಿ ಹಂಗೆ! ನಂಗೆ ಯಾರೂ ಕೇಳಿರ್ಲಿಲ್ಲ. ನಿಮ್ಮ ಭಾವ ಇದ್ದಾಗ್ಲೂ ನಾವು ಎಲ್ಲೂ ಹೋಗಿ ರೂಮು ತಗಂಡಿಲ್ಲ. ರೂಮು ಮನೆಲೇ ಇದಾವಲ್ಲ ಅನ್ನೋರು ಅವರು." ಶಾಲು ಸರಿಮಾಡಿಕೊಂಡು, "ನೀವು ಹೋಗಿ ಬನ್ನಿ. ನಾನು ಬೆಟ್ಟ ನೋಡಕ್ಕೆ ಅಂತ ಬಂದಿದ್ದಲ್ಲ" ಅಂದರು.

ಆರು ತಿಂಗಳು ಹದಿನಾಲ್ಕು ಜಾಗದ ಪಟ್ಟಿ ಹಿಡಿದು ಓಡಾಡಿದವಳಿಗೆ ಇದನ್ನು ಮೊದಲೇ ಹೇಳಿದ್ದರೆ ಏನಾಗುತ್ತಿತ್ತು? ಹಾಗಂತ ಕೇಳಬೇಕು ಅಂತ ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಜಾಗದ ಹೆಸರುಗಳಿಗೆ ಹೆಬ್ಬೆರಳು ಎತ್ತುತ್ತಿದ್ದವರು ಹೋಟೆಲಿನ ವಿಷಯಕ್ಕೆ ಹತ್ತು ದಿನ ಫೋನು ಹಿಡಿದು ಕೂತದ್ದು ಆಗ ನನಗೆ ಅರ್ಥವಾಯಿತು. ಒಳಗೆ ಹೋಗಿ ಇನ್ನೊಂದು ಶಾಲು ತಂದು ಅವರ ಕಾಲಿನ ಮೇಲೆ ಹಾಕಿದೆ. ಆಮೇಲೆ ನಾವ್ಯಾರೂ ಎಲ್ಲಿಗೂ ಹೋಗಲಿಲ್ಲ. ಒಬ್ಬರನ್ನು ಬಿಟ್ಟು ಹೋಗುವುದಿಲ್ಲ ಅಂತ ಮಾತಾಗಿತ್ತಲ್ಲ. ಅಣ್ಣ ಅವರ ಪಕ್ಕ ಕುರ್ಚಿ ಹಾಕಿಕೊಂಡು ಕೂತ. ನನ್ನ ಗಂಡ ಹೋಟೆಲಿನ ಹಿಂದುಗಡೆ ನೀರು ಎತ್ತುವ ಪಂಪು ಸದ್ದು ಮಾಡುತ್ತಿದೆ ಅಂತ ಕಂಡುಹಿಡಿದು, ಮಾಲೀಕರ ಜೊತೆ ಅದನ್ನು ಬಿಚ್ಚಿಕೊಂಡು ಸಂಜೆಯವರೆಗೂ ಖುಷಿಯಾಗಿದ್ದರು.

ಹೊರಡುವ ದಿನ ಬೆಳಿಗ್ಗೆಯೂ ಅದೇ ಮಂಜು. ಅಣ್ಣನ ಮಾತ್ರೆಗೆ ಮುಂಚೆ ಗಂಜಿ ಬೇಕು, ಅತ್ತಿಗೆಯ ಹಿಮ್ಮಡಿಗೆ ಬಿಸಿನೀರಿನ ಚೀಲ ತುಂಬಿಸಬೇಕು, ನನ್ನ ಗಂಡನಿಗೆ ಸಕ್ಕರೆ ಇಲ್ಲದ ಕಾಫಿ ಫ್ಲಾಸ್ಕಿನಲ್ಲಿ ಬೇಕು. ಮೂರನ್ನೂ ಹೊತ್ತುಕೊಂಡು ನಾನು ಹೋಟೆಲಿನ ಅಡುಗೆಮನೆಗೆ ಹೋದೆ. ಅದು ಹಿಂಭಾಗದಲ್ಲಿ, ಕಿಟಕಿ ಇಲ್ಲದ ಕೋಣೆ. ಅಡುಗೆಯವನಿಗೆ ಕನ್ನಡ ಬಾರದು, ನನಗೆ ತಮಿಳು ಬಾರದು. ಗಂಜಿ ಅನ್ನುವುದು ಇಬ್ಬರಿಗೂ ಅರ್ಥವಾಯಿತು, ಸಕ್ಕರೆ ಬೇಡ ಅನ್ನುವುದು ಮಾತ್ರ ಆಗಲಿಲ್ಲ. ಅವನು ಎರಡು ಸಲ ಸಕ್ಕರೆ ಹಾಕಿದ, ಎರಡು ಸಲ ಚೆಲ್ಲಿಸಿದೆ.

ವಾಪಸು ಬಂದಾಗ ಮೂವರೂ ಜಗಲಿಯ ಅಂಚಿನಲ್ಲಿ ನಿಂತಿದ್ದರು. ಅಣ್ಣನೂ ಕುರ್ಚಿ ಬಿಟ್ಟು ಎದ್ದಿದ್ದ. ಅವರ ಎದುರಿಗೆ ಕುಂಡಗಳು, ಕುಂಡಗಳ ಆಚೆ ಮಂಜು.

"ಎಂತ ನೋಡ್ತಿದೀರಿ?"

"ಈಗ ಮುಚ್ಚಿತು," ಅಂದ ಅಣ್ಣ, ತಿರುಗದೆ. "ಹತ್ತು ನಿಮಿಷ ಮಂಜು ಪೂರ್ತಿ ಬಿಟ್ಟಿತ್ತು. ಕೆಳಗಿನವರೆಗೂ."

"ಕರೀಬೇಕು ತಾನೆ!"

"ಕರೆಯಕ್ಕೆ ಹೋದ್ರೆ ಅಷ್ಟರಲ್ಲಿ ಮುಚ್ಚಿದ್ರೆ ಅಂತ..." ಅಂದರು ನನ್ನ ಗಂಡ. ಅತ್ತಿಗೆ ಕಣ್ಣು ಒರೆಸಿಕೊಂಡರು.

ಬಿಸಿನೀರಿನ ಚೀಲ, ಗಂಜಿಯ ಬಟ್ಟಲು, ಫ್ಲಾಸ್ಕು ಮೂರನ್ನೂ ಮೇಜಿನ ಮೇಲೆ ಸ್ವಲ್ಪ ಜೋರಾಗಿಯೇ ಇಟ್ಟೆ. ಗುಂಡ್ಲುಪೇಟೆ ದಾಟುವವರೆಗೂ ನಾನು ಮಾತಾಡಲಿಲ್ಲ. ಉಳಿದ ಮೂವರೂ ತಗ್ಗಿದ ದನಿಯಲ್ಲಿ ವಾದ ಮಾಡುತ್ತಿದ್ದರು. ಬೆಟ್ಟ ನೀಲಿಯಾಗಿತ್ತು ಅಂತ ಅತ್ತಿಗೆ. ನೀಲಿಯಲ್ಲ, ಹಸುರೇ, ಬಿಸಿಲು ಬಿದ್ದು ಹಾಗೆ ಕಂಡದ್ದು ಅಂತ ಅಣ್ಣ. ಕೆಳಗೆ ಒಂದು ಕೆಂಪು ಹೆಂಚಿನ ಮನೆ ಇತ್ತು ಅಂತ ಅಣ್ಣ. ಎರಡು ಮನೆ ಅಂತ ಕಾರು ಓಡಿಸುತ್ತಿದ್ದ ನನ್ನ ಗಂಡ. ಫೋನಿನಲ್ಲಿ ಫೋಟೋ ಇದ್ದರೆ ತೋರಿಸಿ, ವಾದ ಮುಗಿಯಲಿ ಅಂತ ಕೊನೆಗೆ ನಾನೇ ತಿರುಗಿ ಹೇಳಿದೆ. ಮೂವರೂ ಕಾರಿನ ಕನ್ನಡಿಯಲ್ಲಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೂ ತೆಗೆದಿರಲಿಲ್ಲ.

ಈಗಲೂ ಶೃಂಗೇರಿಯಲ್ಲಿ ಊಟಕ್ಕೆ ಸೇರಿದಾಗ ಆ ಹತ್ತು ನಿಮಿಷದ ಮಾತು ಬರುತ್ತದೆ. ಮನೆ ಒಂದೋ ಎರಡೋ ಅನ್ನುವುದು ಇನ್ನೂ ತೀರ್ಮಾನವಾಗಿಲ್ಲ. ಆ ಮಾತು ಶುರುವಾದ ಕೂಡಲೇ ನಾನು ಎದ್ದು ಸಾರು ಬಿಸಿ ಮಾಡಲು ಒಳಗೆ ಹೋಗುತ್ತೇನೆ. ಅಲ್ಲಿಗೂ ಕೇಳಿಸುತ್ತದೆ.